ಇಲಿ ತಿಂದದ್ದೆಷ್ಟು, ಚೆಲ್ಲಿದ್ದೆಷ್ಟು

ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ದೇಹದಲ್ಲಿ ಬಿ6 ವಿಟಮಿನ್ನಿನ ಜೊತೆ ಕೂಡಿಕೊಂಡು ಅದು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆ ಮಾತ್ರೆಯ ಜೊತೆ ಡಾಕ್ಟರು ಪಿರಿಡಾಕ್ಸಿನ್, ಅಂದರೆ ಬಿ6 ಮಾತ್ರೆ, ಬರೆದುಕೊಡುವುದು ಅದಕ್ಕೇ. ಇದನ್ನು ಇಲಿಗಳಲ್ಲಿ ಅಳೆಯುವ ದಿನಗಳಲ್ಲಿ ಅನಿಮಲ್ ಹೌಸಿನ ಮೊದಲ ಕೆಲಸ ತೂಕ.

ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ತಕ್ಕಡಿಯಲ್ಲಿ ಪ್ರತಿ ಕೇಜಿನ ಬಟ್ಟಲು ತೂಗಬೇಕು. ಜಾಲರಿಯ ಕೆಳಗೆ ಹಾಸಿದ ಕಾಗದದ ಮೇಲೆ ಚೆಲ್ಲಿದ ಪುಡಿಯಿಂದ ಹಿಕ್ಕೆ, ಕೂದಲು ಆರಿಸಿ ತೆಗೆದು, ಒದ್ದೆಯಾದದ್ದನ್ನು ಒಣಗಿಸಿ ತೂಗಬೇಕು. 200 ಗ್ರಾಂ ಇಲಿ ದಿನಕ್ಕೆ ತಿನ್ನುವುದು ಸುಮಾರು 15ರಿಂದ 20 ಗ್ರಾಂ. ಅದರಲ್ಲಿ 3 ಗ್ರಾಂ ಚೆಲ್ಲಿ ಹೋದದ್ದು ಲೆಕ್ಕಕ್ಕೆ ಸಿಗದಿದ್ದರೆ ಮುಂದಿನ ಅಂಕಿಗಳೆಲ್ಲ ಸುಳ್ಳು.

ಇಷ್ಟು ಹಟ ಯಾಕೆಂದರೆ, ಔಷಧ ಬಿದ್ದ ಇಲಿ ಮೇವು ಕಡಿಮೆ ಮಾಡುತ್ತದೆ. ಆಗ ತೂಕ ಇಳಿದದ್ದು ಔಷಧದಿಂದಲೋ, ಹಸಿವಿನಿಂದಲೋ? ಉತ್ತರ ಬೇಕಾದರೆ ಔಷಧದ ಪ್ರತಿ ಇಲಿಗೂ ಒಂದು ಜೋಡಿ ಇಲಿ ಬೇಕು. ಮೊದಲನೆಯದು ನಿನ್ನೆ ತಿಂದಷ್ಟನ್ನೇ ಇವತ್ತು ಎರಡನೆಯದಕ್ಕೆ ಹಾಕುವುದು. ಹೀಗಾಗಿ ಜೋಡಿ ಗುಂಪು ಸದಾ ಒಂದು ದಿನ ಹಿಂದಿರುತ್ತದೆ. ಈ ಗುಂಪಿಲ್ಲದೆ ಔಷಧದ ಮೇಲೆ ಅಪವಾದ ಹೊರಿಸುವ ವರದಿಯನ್ನು ನಾನಂತೂ ನಂಬುವುದಿಲ್ಲ. ಇದರಲ್ಲೂ ಒಂದು ತೊಡಕಿದೆ. ಹಸಿದ ಜೋಡಿ ಇಲಿ ತನ್ನ ಪಾಲನ್ನು ಗಬಗಬನೆ ಮುಗಿಸಿ ಮರುದಿನದವರೆಗೆ ಉಪವಾಸ ಕೂರುತ್ತದೆ, ಲಿವರಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಖಾಲಿಯಾಗಿರುತ್ತದೆ. ಪಾಲನ್ನು ಎರಡು ಮಾಡಿ ದೊಡ್ಡದನ್ನು ಸಂಜೆ ಹಾಕಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಇಲಿ ರಾತ್ರಿ ತಿನ್ನುವ ಪ್ರಾಣಿ.

ಆಹಾರ ಎಐಎನ್-93ಜಿ ಎಂಬ, ಪ್ರಯೋಗದ ಇಲಿಗಳ ಗೊತ್ತಾದ ಸೂತ್ರದ ಪ್ರಕಾರ: ಕಿಲೋಗೆ ಕೇಸೀನ್ (ಹಾಲಿನ ಪ್ರೋಟೀನ್) 200 ಗ್ರಾಂ, ಸೋಯಾ ಎಣ್ಣೆ 70, ವಿಟಮಿನ್ ಮಿಶ್ರಣ 10. ಆ 10 ಗ್ರಾಮಿನಲ್ಲಿ ಪಿರಿಡಾಕ್ಸಿನ್ ಹೈಡ್ರೋಕ್ಲೋರೈಡ್ ಇರುವುದು ಬರೀ 7 ಮಿಲಿಗ್ರಾಂ. ಬೇಕೆಂದೇ ಬಿ6 ಇಲ್ಲದ ಆಹಾರ ಕೊಡುವ ಕೊರತೆಯ ಗುಂಪಿಗೆ ಅದನ್ನು ಬಿಟ್ಟರೆ ಸಾಲದು, ಕೇಸೀನ್ ಕೂಡ ವಿಟಮಿನ್ ತೆಗೆದದ್ದಾಗಿರಬೇಕು. ವಿಟಮಿನ್ ಮಿಶ್ರಣವನ್ನು ಮೊದಲು ಒಂದು ಹಿಡಿ ಸಕ್ಕರೆಯಲ್ಲಿ ಬೆರೆಸಿ, ಆಮೇಲೆ ಪಿಷ್ಟಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಎಣ್ಣೆಯನ್ನು ಕೊನೆಗೆ ಹಾಕಬೇಕು.

ಔಷಧವನ್ನು ಆಹಾರದಲ್ಲಿ ಬೆರೆಸಬಾರದು, ಮೇವು ಇಳಿದರೆ ಡೋಸೂ ಇಳಿಯುತ್ತದೆ. ಮೈತೂಕದ ಕಿಲೋಗೆ 50 ಮಿಲಿಗ್ರಾಂ ಎಂದಾದರೆ 200 ಗ್ರಾಂ ಇಲಿಗೆ 10 ಮಿಲಿಗ್ರಾಂ, ಅದನ್ನು 1 ಮಿಲಿ ನೀರಿನಲ್ಲಿ ಕರಗಿಸಿ ಕುಡಿಸಬೇಕು. ಔಷಧವನ್ನು ಬಾಯಿಂದ ನೇರ ಹೊಟ್ಟೆಗೆ ಇಳಿಸುವ, ತುದಿ ಗುಂಡಗಿರುವ ಗವಾಜ್ ಸೂಜಿಯನ್ನು ಬಾಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಹಾಕಿಕೊಳ್ಳಿ. ಸೂಜಿ ತನ್ನಷ್ಟಕ್ಕೆ ಇಳಿಯಬೇಕು. ತಡೆ ಸಿಕ್ಕರೆ, ಮೂಗಿನಲ್ಲಿ ದ್ರವ ಕಂಡರೆ ತಕ್ಷಣ ತೆಗೆಯಿರಿ. ಜೋಡಿ ಇಲಿಗೂ ಅಷ್ಟೇ ನೀರನ್ನು ಹೀಗೇ ಕುಡಿಸಬೇಕು, ಕೈಗೆ ಸಿಕ್ಕಿದ ಭಯವೂ ಇಬ್ಬರಿಗೂ ಸಮನಾಗಲಿ.

ಹಿಕ್ಕೆಯ ವಿಚಾರ ಬೇರೆ. ಕರುಳಿನ ಬ್ಯಾಕ್ಟೀರಿಯಾ ತಯಾರಿಸಿದ ಬಿ ವಿಟಮಿನ್ನುಗಳನ್ನು ಇಲಿ ಹಿಕ್ಕೆ ತಿಂದು ವಾಪಸು ಪಡೆಯುತ್ತದೆ. ಜಾಲರಿ ಇದ್ದರೂ ಬಾಯಿಟ್ಟು ನೇರವಾಗಿ ತಿನ್ನುತ್ತದೆ. ಕೊರತೆ ನಿಧಾನವಾಗಿ ಬಂದರೆ ಇದೂ ಒಂದು ಕಾರಣ.

ಕೊನೆಗೆ ಮೂತ್ರ. ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ ಕೊಟ್ಟ ಮೇಲೆ, ಮೂತ್ರವನ್ನು ಫನಲಿನಲ್ಲಿ ಬೇರೆಯಾಗಿ ಹಿಡಿಯುವ ಮೆಟಬಾಲಿಕ್ ಕೇಜಿನಲ್ಲಿ 24 ಗಂಟೆ ಸಂಗ್ರಹಿಸಬೇಕು. ಬಿ6 ಸಾಲದಿದ್ದರೆ ಟ್ರಿಪ್ಟೋಫ್ಯಾನಿನಿಂದ ಹುಟ್ಟುವ ಕ್ಸಾಂಥುರೆನಿಕ್ ಆಮ್ಲ ಮೂತ್ರದಲ್ಲಿ ಹೆಚ್ಚುತ್ತದೆ; 1943ರಲ್ಲಿ ವಿಜ್ಞಾನಿ ಲೆಪ್ಕೊವ್‌ಸ್ಕಿ ಮತ್ತು ಸಂಗಡಿಗರು ಗುರುತಿಸಿದ್ದು ಇದನ್ನೇ. ಫೆರಿಕ್ (ಕಬ್ಬಿಣದ) ಲವಣ ಹಾಕಿದರೆ ಕಣ್ಣೆದುರೇ ಹಸಿರಾಗುತ್ತದೆ. ಆಹಾರದ ಪುಡಿ ಬಿದ್ದರೆ ಅದರಲ್ಲಿನ ಕಬ್ಬಿಣವೂ ಸೇರಿ ಲೆಕ್ಕ ಕೆಡುತ್ತದೆ, ಹಾಗಾಗಿ ಬಟ್ಟಲು ಫನಲಿನ ಆಚೆಗಿರಲಿ. ರಕ್ತದ ಟ್ಯೂಬುಗಳಿಗೆ ಫಾಯಿಲ್ ಸುತ್ತಿ, ಮಂದ ಬೆಳಕಿನಲ್ಲೇ ಪ್ಲಾಸ್ಮಾ ಬೇರ್ಪಡಿಸಿ ಮೈನಸ್ 80 ಡಿಗ್ರಿಯಲ್ಲಿಡಿ. ಬೆಳಕು ತಗುಲಿದರೆ ರಕ್ತದಲ್ಲಿ ನಾವು ಅಳೆಯುವ ಬಿ6ರ ರೂಪವಾದ ಪಿರಿಡಾಕ್ಸಲ್ ಫಾಸ್ಫೇಟ್ ಒಡೆಯುತ್ತದೆ, ಚೆನ್ನಾಗಿ ತಿಂದ ಇಲಿಯಲ್ಲೂ ಕೊರತೆ ಇದ್ದಂತೆ ಕಾಣುತ್ತದೆ.