ಟ್ಯಾಬ್ ತಲುಪದ ಗುಂಡಿ

ಇವತ್ತು ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ, ಪರಿಚಯದ ಅಡತಿ ಅಂಗಡಿಯ ಗುಮಾಸ್ತರು ಹತ್ತಿಯ ಲೆಕ್ಕ ನಮೂದಿಸುವುದನ್ನು ನೋಡುತ್ತ ಕುಳಿತಿದ್ದೆ. ಕಣ್ಣು ಪೂರ್ತಿ ಚೀಟಿಯ ಮೇಲೆ, ಬಲಗೈ ಅಂಕಿಗಳ ಕೀಲಿಗಳ ಮೇಲೆ. ತೂಕ, ದರ, ಹಮಾಲಿ ಎಂದು ಸರಾಗವಾಗಿ ತುಂಬುತ್ತ ಹೋದವರು ಕೊನೆಯಲ್ಲಿ ಕೈ ನಿಲ್ಲಿಸಿ ಮೌಸ್ ಹಿಡಿದರು.

"ಇದೊಂದ್ ಕಡಿ ಕೈ ಎತ್ಲೇಬೇಕ್ ನೋಡ್ರಿ" ಎಂದರು.

ಒಂದು ಖಾನೆಯಿಂದ ಮುಂದಿನದಕ್ಕೆ ಒಯ್ಯುವ ಟ್ಯಾಬ್ ಕೀಲಿಯನ್ನು ಎಷ್ಟು ಸಲ ಒತ್ತಿದರೂ 'ಉಳಿಸು' ಗುಂಡಿಗೆ ಹೋಗುವುದಿಲ್ಲ. ವಿಂಡೋಸ್‌ನಲ್ಲಿ, ಇಲ್ಲವೇ ಪರದೆ ಕಟ್ಟುವ ಸಲಕರಣೆಗಳಾದ ಕ್ಯೂಟಿ, ಜಿಟಿಕೆಗಳಲ್ಲಿ ಸಿದ್ಧವಾಗಿ ಸಿಗುವ ಗುಂಡಿಯನ್ನೇ ಬಳಸಿದ್ದರೆ ಟ್ಯಾಬ್ ಅಲ್ಲಿಗೆ ತಾನಾಗಿ ಹೋಗುತ್ತಿತ್ತು, ಸ್ಪೇಸ್ ಒತ್ತಿದರೆ ಕೆಲಸವೂ ಆಗುತ್ತಿತ್ತು. ಅಂದಕ್ಕೆಂದು ಚಿತ್ರ ಬರೆದು ಅದನ್ನೇ ಗುಂಡಿ ಮಾಡಿದಾಗ ಇವೆಲ್ಲವನ್ನೂ ನಾವೇ ಕಟ್ಟಿಕೊಡಬೇಕು.

ಎಲ್ಲ ಪರದೆಗಳೂ ಕೀಲಿಗಳಿಗೆ ಒಂದೇ ರೀತಿ ಸ್ಪಂದಿಸಲಿ ಎಂದು ಐಬಿಎಂ 1987ರಲ್ಲೇ 'ಕಾಮನ್ ಯೂಸರ್ ಆಕ್ಸೆಸ್' ನಿಯಮಗಳನ್ನು ಹೊರತಂದಿತ್ತು. ಆದರೂ ಗೊಂದಲ ಉಳಿದಿದೆ. ಫೋಕಸ್ ಇರುವ, ಅಂದರೆ ಟ್ಯಾಬ್ ಬಂದು ನಿಂತ ಗುಂಡಿಯನ್ನು ವಿಂಡೋಸ್‌ನಲ್ಲಿ ಎಂಟರ್ ಒತ್ತುತ್ತದೆ, ಪರದೆ ಕಟ್ಟುವ ಇನ್ನೊಂದು ಸಲಕರಣೆಯಾದ ಜಾವಾ ಸ್ವಿಂಗ್‌ನ ಮೂಲ ರೂಪದಲ್ಲಿ ಸ್ಪೇಸ್ ಮಾತ್ರ ಒತ್ತುತ್ತದೆ. ಬಳಸುವವರ ಬೆರಳುಗಳಿಗೆ ಈ ಭೇದ ಏಕೆ ತಿಳಿದಿರಬೇಕು?

ತಂತ್ರಾಂಶ ಬರೆಯುವ ಗೆಳೆಯರೇ, ಅದನ್ನು ಕೊಡುವ ಮುನ್ನ ಮೌಸ್ ಬದಿಗಿಟ್ಟು ಒಂದು ನಮೂದನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡಿ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎಯಂತಹ ತಂತ್ರಾಂಶ (ಪರದೆ ಓದುಗ) ಬಳಸುವ ದೃಷ್ಟಿಹೀನರಿಗೆ, ಟ್ಯಾಬ್ ತಲುಪದ ಗುಂಡಿ ಬಹುತೇಕ ಇಲ್ಲದ ಗುಂಡಿಯೇ.