ದಾವೀದ ಕುಡಿಯದ ನೀರು

ಮೇ 4 ಸಂತ ಫ್ಲೋರಿಯನ್ ಹಬ್ಬ. ಬೆಂಕಿ ಆರಿಸುವವರ ಪಾಲಕ ಸಂತ ಇವರು. ಚಿತ್ರಗಳಲ್ಲಿ ಇವರಿಗೆ ರೋಮನ್ ಸೈನಿಕನ ಉಡುಪು, ಕೈಯಲ್ಲೊಂದು ಬಕೆಟ್, ಕಾಲ ಬಳಿ ಉರಿಯುವ ಪುಟ್ಟ ಮನೆ. ಒಂದೇ ಬಕೆಟ್ ನೀರಿನಲ್ಲಿ ದೊಡ್ಡ ಬೆಂಕಿ ಆರಿಸಿದರು ಅನ್ನುವುದು ದಂತಕಥೆ. ನನಗೆ ಅದಕ್ಕಿಂತ ಅವರ ಕೊನೆಯ ಪಯಣದ ಕಥೆಯೇ ಹೆಚ್ಚು ಇಷ್ಟ. ಈಗಿನ ಆಸ್ಟ್ರಿಯಾದಲ್ಲಿರುವ ಲೋರ್ಖ್‌ನಲ್ಲಿ ಕ್ರೈಸ್ತರನ್ನು ಸೆರೆಗೆ ಹಾಕಿದ್ದಾರೆ ಎಂಬ ಸುದ್ದಿ ಬಂದಾಗ ಅವರು ಅಲ್ಲಿಗೇ ಹೊರಟರಂತೆ. 304ರಲ್ಲಿ ಅವರ ಕುತ್ತಿಗೆಗೆ ಕಲ್ಲು ಕಟ್ಟಿ ಎನ್ಸ್ ನದಿಗೆ ತಳ್ಳಿದರು.

ಅದೇ ಮೇ 4 ಈಗ ಅಂತರರಾಷ್ಟ್ರೀಯ ಅಗ್ನಿಶಾಮಕರ ದಿನವೂ ಹೌದು. 1998ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಲಿಂಟನ್ ಬಳಿ ಕಾಡ್ಗಿಚ್ಚು ಆರಿಸಲು ಹೋದ ಐವರು ಸ್ವಯಂಸೇವಕರು ತೀರಿಕೊಂಡರು. ಗಾಳಿ ದಿಕ್ಕು ಬದಲಿಸಿತು, ಬೆಂಕಿ ಅವರ ಲಾರಿಯನ್ನೇ ಸುತ್ತಿಕೊಂಡಿತು. ಈ ದಿನದ ಆಚರಣೆ ಶುರುವಾದದ್ದು ಆಮೇಲೆ.

ಈ ದಿನ ಬಂತೆಂದರೆ ನಾನು ತೆರೆಯುವುದು ಬೈಬಲಿನ 2 ಸಮುವೇಲ ಗ್ರಂಥದ 23ನೇ ಅಧ್ಯಾಯ. ಸುಗ್ಗಿಯ ಕಾಲ. ಇಸ್ರಾಯೇಲಿನ ರಾಜ ದಾವೀದ ಅದುಲ್ಲಾಮ್ ಗವಿಯಲ್ಲಿದ್ದಾನೆ. ಹುಟ್ಟೂರು ಬೇತ್ಲೆಹೇಮಿನಲ್ಲಿ ಫಿಲಿಷ್ಟಿಯರ ಪಡೆ ಕೂತಿದೆ. ‘ಊರ ಬಾಗಿಲ ಹತ್ತಿರದ ಆ ಬಾವಿಯ ನೀರು ಯಾರಾದರೂ ತಂದುಕೊಟ್ಟರೆ ಎಷ್ಟು ಚೆನ್ನಾಗಿತ್ತು’ ಎಂದು ಆಸೆಪಡುತ್ತಾನೆ. ಆಜ್ಞೆಯೇನೂ ಅಲ್ಲ, ಸುಮ್ನೆ ಬಾಯಿಗೆ ಬಂದ ಮಾತು. ಅಷ್ಟಕ್ಕೇ ಅವನ ಮೂವರು ಯೋಧರು ಎದ್ದು ಹೋಗುತ್ತಾರೆ. ಶತ್ರುಗಳ ಪಡೆಯನ್ನು ಸೀಳಿಕೊಂಡು ಹೋಗಿ ನೀರು ಸೇದಿ ತರುತ್ತಾರೆ. ದಾವೀದ ಕುಡಿಯುವುದಿಲ್ಲ. ‘ಇದು ಪ್ರಾಣದ ಹಂಗು ತೊರೆದು ಹೋದವರ ರಕ್ತವಲ್ಲವೇ’ ಎಂದು ಅದನ್ನು ದೇವರಿಗೆ ಅರ್ಪಿಸಿ ಸುರಿದುಬಿಡುತ್ತಾನೆ.

ಅಷ್ಟು ಕಷ್ಟಪಟ್ಟು ತಂದದ್ದನ್ನು ಚೆಲ್ಲೋದಾ? ತಂದವರಿಗೆ ಎಷ್ಟು ಬೇಜಾರಾಗಿರಬೇಡ! ಹೀಗೆ ಅನ್ನಿಸುವುದು ಸಹಜ. ಆದರೆ ಬೈಬಲಿನದೇ ಧರ್ಮೋಪದೇಶಕಾಂಡದ 12ನೇ ಅಧ್ಯಾಯ ಓದಿದರೆ ಅವನ ನಡೆ ಅರ್ಥವಾಗುತ್ತದೆ. ರಕ್ತವನ್ನು ಯಾರೂ ಸೇವಿಸಬಾರದು, ನೀರಿನ ಹಾಗೆ ನೆಲಕ್ಕೆ ಸುರಿಯಬೇಕು ಎಂಬ ನಿಯಮ ಅಲ್ಲಿದೆ. ಜೀವ ಇರುವುದು ರಕ್ತದಲ್ಲಿ, ಆ ಜೀವ ದೇವರದ್ದು. ಒಂದು ಪಾತ್ರೆ ನೀರಿಗೆ ಮೂರು ಜೀವಗಳ ಬೆಲೆ ಬಂದಿತ್ತು. ಅಂಥದ್ದನ್ನು ಕುಡಿಯುವ ಹಕ್ಕು ರಾಜನಿಗೂ ಇಲ್ಲ ಎಂದು ದಾವೀದ ಒಪ್ಪಿಕೊಂಡ.

ಅವನು ಅವರ ಪರಾಕ್ರಮವನ್ನು ಹೊಗಳಲೂ ಇಲ್ಲ ನೋಡಿ. ನಾವು ಮೊದಲು ಮಾಡುವುದೇ ಅದು. ಹೀರೋ ಅಂತೀವಿ, ಚಪ್ಪಾಳೆ ತಟ್ಟುತ್ತೀವಿ, ಮೇಣದಬತ್ತಿ ಹಚ್ಚುತ್ತೀವಿ. ತಪ್ಪೇನಿಲ್ಲ. ಆದರೆ ಹೊಗೆಯಲ್ಲಿ ಉಸಿರಾಡುವ ಸಾಧನವೇ ಇಲ್ಲದೆ ಒಬ್ಬರನ್ನು ಬೆಂಕಿಯೊಳಗೆ ಕಳಿಸಿ, ಆಮೇಲೆ ಅವರ ತ್ಯಾಗ ದೊಡ್ಡದು ಎನ್ನುವುದು ಭಕ್ತಿಯಲ್ಲ. ಉಡಲು ಇಲ್ಲದವರಿಗೆ ಬರೀ ‘ಬೆಚ್ಚಗಿರಿ’ ಎಂದರೆ ಏನು ಪ್ರಯೋಜನ ಎಂದು ಯಾಕೋಬನೂ ತನ್ನ ಪತ್ರದಲ್ಲಿ ಕೇಳಿದ್ದಾನಲ್ವಾ? ಇನ್ನು ನಮ್ಮ ಆಸೆಗಳು. ಎಚ್ಚರಿಕೆಯ ಫಲಕ ದಾಟಿ ಸಮುದ್ರಕ್ಕೆ ಇಳಿದವನು ಯಾರಿಗೂ ಆಜ್ಞೆ ಕೊಟ್ಟಿರುವುದಿಲ್ಲ. ಆದರೂ ಅವನ ಹಿಂದೆ ಇನ್ನೊಬ್ಬರು ಅಲೆಗೆ ಹಾರಲೇಬೇಕಾಗುತ್ತದೆ.

ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಹೆಚ್ಚಿನ ಪ್ರೀತಿ ಇಲ್ಲ ಎಂದು ಯೇಸು ಸ್ವಾಮಿ ಹೇಳಿದರು. ಬೆಂಕಿಗೆ ನುಗ್ಗುವವರು ಒಳಗಿರುವವರು ಸ್ನೇಹಿತರೋ ಅಲ್ಲವೋ ಎಂದು ವಿಚಾರಿಸುವುದಿಲ್ಲ. ಒಳ್ಳೆಯವರೋ ಕೆಟ್ಟವರೋ ಎಂದೂ ಕೇಳುವುದಿಲ್ಲ. ಒಳ್ಳೆಯವನಿಗಾಗಿ ಪ್ರಾಣ ಕೊಡಲು ಯಾರಾದರೂ ಧೈರ್ಯ ಮಾಡಿಯಾರು, ಕ್ರಿಸ್ತನಾದರೋ ನಾವು ಪಾಪಿಗಳಾಗಿದ್ದಾಗಲೇ ನಮಗಾಗಿ ಸತ್ತನು ಎಂದು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಹೇಳುತ್ತದೆ. ಶಿಲುಬೆಯ ಮುಂದೆ ಮೊಣಕಾಲೂರಿದಾಗ ನನಗೆ ಈ ಜನರ ನೆನಪು ಬರುವುದು ಅದಕ್ಕೇ. ಅವರಲ್ಲಿ ಎಷ್ಟೋ ಮಂದಿ ಕ್ರೈಸ್ತರಲ್ಲ. ಪ್ರಭುವಿನ ದಾರಿಯಲ್ಲಿ ಅವರು ನನಗಿಂತ ಮುಂದಿದ್ದಾರೆ ಎನ್ನಲು ನನಗೇನೂ ಸಂಕೋಚವಿಲ್ಲ.

ಕೃತಜ್ಞತೆ ಹೇಳುವ ರೀತಿಯನ್ನು ಮಾತ್ರ ಪೌಲನಿಂದ ಕಲಿಯಬೇಕು. ಅದೇ ಪತ್ರದ ಕೊನೆಯಲ್ಲಿ ಅವನು ಪ್ರಿಸ್ಕಿಲ್ಲ, ಅಕ್ವಿಲ ದಂಪತಿಯ ಹೆಸರು ಹೇಳುತ್ತಾನೆ. ನನಗಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದವರು, ಅನ್ಯಜನರ (ಯೆಹೂದ್ಯರಲ್ಲದವರ) ಸಭೆಗಳೆಲ್ಲ ಇವರಿಗೆ ಕೃತಜ್ಞವಾಗಿವೆ ಎನ್ನುತ್ತಾನೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಎಪಫ್ರೊದೀತ ಬರುತ್ತಾನೆ. ಸೆರೆಯಲ್ಲಿದ್ದ ಪೌಲನಿಗೆ ನೆರವು ತಂದು, ಕಾಯಿಲೆ ಬಿದ್ದು, ಸಾವಿನ ಹತ್ತಿರ ಹೋಗಿ ಬಂದವನು. ಕಾಯಿಲೆಯ ಸುದ್ದಿ ಊರಿಗೆ ತಲುಪಿತಲ್ಲ ಎಂದು ಅವನೇ ಕಳವಳಪಡುತ್ತಿದ್ದ. ಅಂಥ ನೆರವಿನವನನ್ನು ಪೌಲ ತನ್ನ ಹತ್ತಿರ ಉಳಿಸಿಕೊಳ್ಳಲಿಲ್ಲ. ಇಂಥವರನ್ನು ಸಂತೋಷದಿಂದ ಸೇರಿಸಿಕೊಳ್ಳಿ, ಗೌರವಿಸಿ ಎಂದು ಬರೆದು ಮನೆಗೆ ಕಳಿಸಿಕೊಟ್ಟ.