ಸಂಪಾಜೆ ಘಾಟಿಗೆ ಬ್ರೇಕ್ ತಯಾರಿ: ಎರಡನೇ ಹಂತ

ಗಾಡಿ: ಸೈಕಲ್, 26 ಇಂಚಿನ ಚಕ್ರ, ವಿ-ಬ್ರೇಕ್ (ಎರಡು ತೋಳು ಎರಡೂ ಕಡೆಯಿಂದ ರಿಮ್ ಒತ್ತುವ ಬ್ರೇಕ್). ಮಡಿಕೇರಿಯಿಂದ ಸಂಪಾಜೆಗೆ ಸುಮಾರು 1,000 ಮೀಟರ್ ಇಳಿತ. ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಯಬೇಕು.

ಹಿಂದಿನ ಬ್ರೇಕ್: ಲಿವರ್ ಬಿಟ್ಟರೂ ತೋಳು ವಾಪಸ್ ಬರುತ್ತಿರಲಿಲ್ಲ. ಇಂಥದಕ್ಕೆ ಎಲ್ಲರೂ ಮೊದಲು ಸ್ಪ್ರಿಂಗನ್ನೇ ಬೈಯುತ್ತಾರೆ. ವೈರ್ ಕಳಚಿ ತೋಳನ್ನು ಕೈಯಲ್ಲಿ ಒತ್ತಿ ಬಿಟ್ಟರೆ ಟಪ್ಪನೆ ಹಿಂದೆ ಸರಿಯಿತು. ಸ್ಪ್ರಿಂಗ್ ಚೆನ್ನಾಗಿಯೇ ಇದೆ. ತೋಳಿನ ಬಳಿಯ ಬಾಗಿದ ಲೋಹದ ಕೊಳವೆಯೊಳಗೆ ಕೆಮ್ಮಣ್ಣು ಗಟ್ಟಿ ಕೂತಿತ್ತು. ಕೊಳವೆ ತೊಳೆದು, ವೈರಿನ ಎರಡು ಎಳೆ ಹರಿದಿದ್ದರಿಂದ ವೈರ್, ಔಟರ್ (ವೈರಿನ ಹೊರಕವಚ) ಎರಡೂ ಹೊಸದು ಹಾಕಿದ್ದಾಯಿತು. ಬ್ರೇಕಿಗೆ ಗೇರ್ ಔಟರ್ ಬೇಡವೇ ಬೇಡ. ಅದರ ತಂತಿಗಳು ಉದ್ದುದ್ದ ಇರುತ್ತವೆ, ಜೋರಾಗಿ ಹಿಡಿದಾಗ ಸಿಡಿದು ಹೊರಬರಬಹುದು. ಬ್ರೇಕ್ ಔಟರಿನ ತಂತಿ ಸುರುಳಿ ಸುತ್ತಿರುತ್ತದೆ.

ಬ್ರೇಕ್ ಶೂ: ರಬ್ಬರಿನಲ್ಲಿ ರಿಮ್ಮಿನ ಅಲ್ಯೂಮಿನಿಯಂ ಚೂರುಗಳು ಮಿನುಗುತ್ತಿದ್ದವು. ರಿಮ್ ಕೆರೆಯುವುದು ಇವೇ. ಪಿನ್ನಿನಿಂದ ಕಿತ್ತು, ಮೇಲ್ಮೈಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮತ್ತೆ ಕೂರಿಸಲಾಯಿತು. ಶೂನ ಹಿಂತುದಿಗೆ ಸುಮಾರು 1 ಮಿ.ಮೀ. ದಪ್ಪದ ರಟ್ಟು ಇಟ್ಟು, ಲಿವರ್ ಹಿಡಿದು, 5 ಮಿ.ಮೀ. ಅಲೆನ್ ಕೀಯಲ್ಲಿ ಬಿಗಿ ಮಾಡಿದರೆ ಮುಂತುದಿ ಮೊದಲು ತಾಗುತ್ತದೆ, ಕಿರುಚಾಟ ತಗ್ಗುತ್ತದೆ. ಬಿಗಿಯುವಾಗ ಶೂ ಬೋಲ್ಟ್ ಜೊತೆ ತಿರುಗಲು ನೋಡುತ್ತದೆ, ಇನ್ನೊಂದು ಕೈಯಲ್ಲಿ ಹಿಡಿದಿರಬೇಕು. ಶೂ ರಿಮ್ಮಿನಿಂದ ಒಂದಿಷ್ಟು ಮೇಲೆ ಹೋದರೂ ಟೈರಿನ ಪಕ್ಕ ಸವೆದು ಟ್ಯೂಬ್ ಸಿಡಿಯುತ್ತದೆ. ಲಿವರ್ ಬಿಟ್ಟಾಗ ಎರಡೂ ಕಡೆ 1ರಿಂದ 2 ಮಿ.ಮೀ. ಸಂದು.

ಪರೀಕ್ಷೆ: ಮೊದಲು ಗಾಡಿ ತಳ್ಳಿಕೊಂಡೇ. ಮುಂದಿನದು ಹಿಡಿದರೆ ಹಿಂಚಕ್ರ ಏಳಬೇಕು. ಹಿಂದಿನದು ಹಿಡಿದರೆ ಚಕ್ರ ತಿರುಗದೆ ಜಾರಬೇಕು. ಆಮೇಲೆ ರಿಮ್ಮಿಗೆ ನೀರು ಹೊಯ್ದು ಸಣ್ಣ ಇಳುಕಲಿನಲ್ಲಿ. ಚಕ್ರದ ಮೊದಲ ಕೆಲವು ಸುತ್ತು ಹಿಡಿತವೇ ಇಲ್ಲ, ನೀರು ಒರೆಸಿಹೋದ ಮೇಲೆ ಒಮ್ಮೆಲೇ ಕಚ್ಚುತ್ತದೆ. ಹಾಗಾಗಿ ಮಳೆಯಲ್ಲಿ ತಿರುವು ಕಾಣುವ ಮೊದಲೇ ಹಗುರವಾಗಿ ಹಿಡಿದು ರಿಮ್ ಒರೆಸಿಕೊಳ್ಳಬೇಕು, ನೇರ ದಾರಿಯಲ್ಲೇ ವೇಗ ಇಳಿಸಿ, ತಿರುವಿನೊಳಗೆ ಬಿಡಬೇಕು. ಮರದಡಿಯ ಕೊಳೆತ ಎಲೆ, ಪಾಚಿಯ ಮೇಲೆ ಮುಂದಿನ ಬ್ರೇಕ್ ಮುಟ್ಟಿದರೆ ಬಿದ್ದಂತೆಯೇ. ಇಳಿಜಾರಿನುದ್ದಕ್ಕೂ ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬಿಗೆ ಅಪಾಯ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯುವುದು ಒಳ್ಳೆಯದು.

ಬಾಕಿ: ಮುಂದಿನ ರಿಮ್. ಪಕ್ಕಕ್ಕೆ ಉಕ್ಕಿನ ಸ್ಕೇಲ್ ಇಟ್ಟರೆ ನಡುವೆ ಬೆಳಕು ಕಾಣುತ್ತಿದೆ, ಸವೆತದ ಗುರುತಿನ ಗೆರೆಯೂ ಮಾಸಿದೆ. ಬದಲಾಯಿಸುವವರೆಗೆ ಘಾಟಿ ಇಳಿಸುವಂತಿಲ್ಲ.